ಬೇಲಿ ಸೊಪ್ಪಿಗೆ, ಬಯಲು ಕೋಳಿಗೆ

ಹಿತ್ತಲಲ್ಲಿ ಕೋಳಿ ಬಿಟ್ಟರೆ ಸೊಪ್ಪು ಉಳಿಯುವುದಿಲ್ಲ, ಸೊಪ್ಪು ಬೇಕೆಂದರೆ ಕೋಳಿಯ ಆಸೆ ಬಿಡಬೇಕು ಎಂಬ ಮಾತು ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ಸೀಮೆಯಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಮಾತು ಸುಳ್ಳಲ್ಲ. ಹೊಸದಾಗಿ ಕೊತ್ತಂಬರಿ ಬಿತ್ತಿದ ಮಡಿಗೆ ಒಂದೇ ಒಂದು ಹೇಂಟೆ ಇಳಿದರೂ ಅರ್ಧ ಗಂಟೆಯಲ್ಲಿ ಮಡಿ ಯಾವುದು, ಕಾಲುವೆ ಯಾವುದು ಗೊತ್ತಾಗುವುದಿಲ್ಲ. ತಿಂದು ಕೆಡಿಸುವುದಕ್ಕಿಂತ ಕೆದರಿ ಕೆಡಿಸುವುದೇ ಹೆಚ್ಚು. ಸಡಿಲವಾದ, ಗೊಬ್ಬರ ಬೆರೆತ, ತೇವದ ಮಣ್ಣಿನಲ್ಲಿ ಹುಳು ಇದ್ದೇ ಇರುತ್ತದೆಂದು ಕೋಳಿಗೆ ಹುಟ್ಟಿನಿಂದಲೇ ಗೊತ್ತು. ನಾವು ಸೊಪ್ಪಿಗೆಂದು ಹದ ಮಾಡಿದ ಮಡಿ ಅದಕ್ಕೆ ಬಡಿಸಿಟ್ಟ ಎಲೆಯಂತೆ ಕಾಣುತ್ತದೆ.

ಇದಕ್ಕೆ ಹೆಚ್ಚಿನವರು ಹುಡುಕುವ ಪರಿಹಾರವೆಂದರೆ ಕೋಳಿಯನ್ನು ಬಲೆಯೊಳಗೆ ಕೂಡಿಹಾಕುವುದು. ಕೂಡಿಹಾಕಿದ ಕೋಳಿಗೆ ಹುಳುಹುಪ್ಪಟೆ ಇಲ್ಲ, ಹುಲ್ಲಿನ ಬೀಜವಿಲ್ಲ, ಗರಿಕೆಯ ಚಿಗುರಿಲ್ಲ. ತಿನ್ನುವ ಪ್ರತಿ ಕಾಳನ್ನೂ ಕೊಂಡೇ ಹಾಕಬೇಕು. ಒಂದೇ ಜಾಗ ತುಳಿದು ತುಳಿದು ನೆಲ ಬೋಳಾಗುತ್ತದೆ, ಮಳೆ ಬಂದರೆ ಕೆಸರು, ಕೆಸರಿನಿಂದ ಭೇದಿ. ಮನೆಮಟ್ಟದ ಕೋಳಿ ಸಾಕಣೆ ಲಾಭವೂ ಸಂತೋಷವೂ ಆಗುವುದು ಕೋಳಿ ತನ್ನ ಹೊಟ್ಟೆಯ ಅರ್ಧಕ್ಕಿಂತ ಹೆಚ್ಚನ್ನು ತಾನೇ ಮೇಯ್ದು ತುಂಬಿಸಿಕೊಂಡಾಗ. ಆದ್ದರಿಂದ ಬೇಲಿ ಹಾಕಬೇಕಾದ್ದು ತರಕಾರಿ ಮಡಿಗೆ. ಹತ್ತು ಗುಂಟೆ ಹಿತ್ತಲಿದ್ದರೆ ಅಡುಗೆಮನೆಗೆ ಹತ್ತಿರದ ಎರಡು ಗುಂಟೆಗೆ ಗಟ್ಟಿ ಬೇಲಿ ಕಟ್ಟಿ. ಉಳಿದದ್ದೆಲ್ಲ, ಅಂದರೆ ತೆಂಗಿನ ಸಾಲು, ಮಾವಿನ ನೆರಳು, ಕೊಟ್ಟಿಗೆಯ ಹಿಂಬದಿ, ತಿಪ್ಪೆ, ಕೋಳಿಯ ಪಾಲಿಗಿರಲಿ. ಬೇಲಿಗೆ ಒಂದು ಗೇಟು ಇರಲಿ. ಆ ಗೇಟನ್ನು ಯಾವಾಗ ತೆಗೆಯಬೇಕು, ಯಾವಾಗ ಹಾಕಿರಬೇಕು ಎಂಬುದನ್ನು ಮುಂದೆ ಹೇಳುತ್ತೇನೆ. ತೋಟವೂ ಕೋಳಿಯೂ ಒಂದಕ್ಕೊಂದು ಒದಗಿಬರುವುದು ಆ ಗೇಟಿನ ಮೂಲಕವೇ.

ಎರಡು ಗುಂಟೆ ಸಾಕೇ ಎಂದು ಕೇಳುವವರಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ, ಸೊಪ್ಪು ಬೇಕು. ಐದು ಜನರ ಮನೆಗೆ ಎರಡು ಕಿಲೋ. ಒಂದು ಗುಂಟೆಯೆಂದರೆ 1089 ಚದರಡಿ. ನೀರು ತಪ್ಪದಿದ್ದರೆ, ಜಾಗವನ್ನು ಖಾಲಿ ಬಿಡದಿದ್ದರೆ ಎರಡು ಗುಂಟೆಯ ಮಡಿ ಮತ್ತು ಅಂಚಿನ ಚಪ್ಪರ ಸೇರಿ ಈ ಎರಡು ಕಿಲೋದ ಬಹುಪಾಲನ್ನು ವರ್ಷದ ಹೆಚ್ಚಿನ ದಿನ ಕೊಡುತ್ತವೆ. ಇದಕ್ಕಿಂತ ದೊಡ್ಡದು ಮಾಡಿದರೆ ಕಳೆ ಕೀಳುವವರು ಬೇಕಾಗುತ್ತಾರೆ.

ಬೇಲಿ ಹೇಗಿರಬೇಕು

ಗೂಟಕ್ಕೆ ಗೊಬ್ಬರಗಿಡದಷ್ಟು ಒಳ್ಳೆಯದು ಬೇರೆ ಇಲ್ಲ. ಗ್ಲಿರಿಸಿಡಿಯಾ ಎಂದು ಕರೆಯುವ ಇದರ ಹೆಬ್ಬೆರಳಿಗಿಂತ ದಪ್ಪದ, ಆರಡಿ ಉದ್ದದ ಕೋಲನ್ನು ಮುಂಗಾರಿಗೆ ನೆಟ್ಟರೆ ಅದೇ ಚಿಗುರಿ ಜೀವಂತ ಗೂಟವಾಗುತ್ತದೆ. ವರ್ಷಕ್ಕೆರಡು ಮೂರು ಸಲ ಸವರಿದ ಸೊಪ್ಪು ಮಡಿಗೆ ಹಸಿರೆಲೆ ಗೊಬ್ಬರ. ಆದರೆ ಗಿಡದ ಸಾಲೊಂದೇ ಕೋಳಿಯನ್ನು ತಡೆಯುವುದಿಲ್ಲ. ಮರಿ ಕಟ್ಟಿಕೊಂಡು ಮೇಯುವ ಹೇಂಟೆ ಅಂಗೈ ಅಗಲದ ಸಂದಿಯಲ್ಲೂ ನುಗ್ಗುತ್ತದೆ. ನೆಲದಿಂದ ಮೂರಡಿಯವರೆಗೆ ಹೆಣೆದ ತೆಂಗಿನ ಗರಿಯನ್ನೋ, ಅಡಕೆ ದಬ್ಬೆಯನ್ನೋ, ಸಣ್ಣ ಕಣ್ಣಿನ ಬಲೆಯನ್ನೋ ಒತ್ತಾಗಿ ಕಟ್ಟಬೇಕು. ಒಟ್ಟು ಎತ್ತರ ಐದಡಿ ಇರಲಿ.

ಇಲ್ಲೊಂದು ಸೂಕ್ಷ್ಮವಿದೆ. ಬೇಲಿಯ ನೆತ್ತಿಯ ಮೇಲೆ ಅಡ್ಡ ಗಳು ಕಟ್ಟಬೇಡಿ. ನಾಟಿಕೋಳಿ ನೇರವಾಗಿ ಐದಡಿ ಹಾರಿ ದಾಟುವುದು ಕಡಿಮೆ. ಮೊದಲು ಮೇಲಿನ ಗಳುವಿನ ಮೇಲೆ ಹಾರಿ ಕೂರುತ್ತದೆ, ಅತ್ತಿತ್ತ ನೋಡುತ್ತದೆ, ಆಮೇಲೆ ಒಳಕ್ಕೆ ಧುಮುಕುತ್ತದೆ. ಕಾಲೂರಲು ಗಟ್ಟಿ ಆಸರೆ ಸಿಗದಿದ್ದರೆ ಅದು ಆ ಯೋಚನೆಯನ್ನೇ ಬಿಡುತ್ತದೆ. ಬಲೆಯ ಮೇಲ್ತುದಿ ಸ್ವಲ್ಪ ಜೋಲುತ್ತಿದ್ದರೆ ಇನ್ನೂ ಒಳ್ಳೆಯದು. ಅಷ್ಟಾದರೂ ಹಾರುವ ಒಂದೆರಡು ಹಟಮಾರಿಗಳು ಇರುತ್ತವೆ. ಅವುಗಳ ಒಂದೇ ಪಕ್ಕದ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಯಿಂದ ಮೊಟಕು ಮಾಡಿದರೆ ಹಾರುವಾಗ ತೂಕ ತಪ್ಪುತ್ತದೆ. ಬಲಿತ ಗರಿಗೆ ನೋವಿಲ್ಲ, ಗರಿ ಉದುರಿ ಹೊಸದು ಬಂದಾಗ ಮತ್ತೆ ಮಾಡಬೇಕು. ಬುಡದಲ್ಲಿ ರಕ್ತ ಕಾಣುವ ಎಳೆ ಗರಿಯನ್ನು ಮುಟ್ಟಬಾರದು. ಹದ್ದು, ನಾಯಿಯ ಕಾಟ ಹೆಚ್ಚಿರುವಲ್ಲಿ ಈ ಉಪಾಯ ಬೇಡ. ಹಾರಿ ಜೀವ ಉಳಿಸಿಕೊಳ್ಳುವ ದಾರಿಯನ್ನೇ ಕಿತ್ತುಕೊಂಡಂತಾಗುತ್ತದೆ.

ಮಡಿ ಮತ್ತು ಮಳೆ

ಮಡಿಯ ಅಗಲ ನಾಲ್ಕಡಿ ಮೀರದಿರಲಿ. ಎರಡೂ ಬದಿಯಿಂದ ಕೈ ಚಾಚಿದರೆ ನಡು ಸಿಗಬೇಕು, ಒಳಗೆ ಕಾಲಿಡುವ ಪ್ರಸಂಗ ಬರಬಾರದು. ಕೆಂಪುಮಣ್ಣಿನಲ್ಲಿ ಮಳೆಗಾಲಕ್ಕೆ ಅರ್ಧ ಅಡಿ ಏರಿಸಿದ ಮಡಿ, ಬೇಸಿಗೆಗೆ ನೆಲಮಟ್ಟದ ಪಾತಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಮಡಿ ಒಂದಡಿ ಏರಿದರೂ ಹೆಚ್ಚಲ್ಲ. ಬಚ್ಚಲ ನೀರನ್ನು ಸೊಪ್ಪಿನ ಮಡಿಗೆ ಹಾಯಿಸಬೇಡಿ, ಬಾಳೆ, ಕೆಸು, ತೆಂಗಿನ ಕಡೆಗೆ ತಿರುಗಿಸಿ. ಅಡುಗೆಮನೆಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರು ಮಡಿಗೆ ಬರಲಿ.

ಯಾವಾಗ ಏನು ಬಿತ್ತಬೇಕು ಎಂಬುದಕ್ಕೆ ನಮ್ಮವರ ಮಳೆನಕ್ಷತ್ರದ ಲೆಕ್ಕವೇ ಸಾಕು. ಮೇ ನಡುವಿನ ಕೃತ್ತಿಕೆಗೆ ಬದನೆ, ಟೊಮೆಟೊ, ಮೆಣಸಿನ ಸಸಿಮಡಿ. ಟೊಮೆಟೊ ಸಸಿ 25ರಿಂದ 30 ದಿನಕ್ಕೆ, ಬದನೆ ಅದಕ್ಕೊಂದು ವಾರ ತಡವಾಗಿ, ಮೆಣಸು 35ರಿಂದ 40 ದಿನಕ್ಕೆ ಕಿತ್ತು ನೆಡಲು ಬರುತ್ತದೆ. ಮೇ ಕೊನೆಯ ರೋಹಿಣಿಗೆ ಹೀರೆ, ಹಾಗಲ, ಪಡವಲ, ಸೋರೆ, ಕುಂಬಳ, ಬೆಂಡೆ, ಅಲಸಂದೆ. ಬಳ್ಳಿಗಳನ್ನೆಲ್ಲ ಬೇಲಿಯ ಬದಿಗೆ, ಉತ್ತರ ಮತ್ತು ಪಶ್ಚಿಮಕ್ಕೆ ಇಡಿ. ಅವು ಮೇಲೇರಿದ ಮೇಲೆ ಮಡಿಗೆ ಬೆಳಗಿನ ಬಿಸಿಲು ತಪ್ಪುವುದಿಲ್ಲ. ಮಳೆ ಕಳೆದು ಚಳಿ ಹಿಡಿದಾಗ ಹುರುಳಿಕಾಯಿ, ಮೂಲಂಗಿ, ಕ್ಯಾರೆಟ್ಟು, ಕೋಸು, ಮೆಂತ್ಯ, ಸಬ್ಬಸಿಗೆ. ದಂಟು, ಹರಿವೆಯಂಥ ಸೊಪ್ಪನ್ನು ಮಾತ್ರ ಒಂದೇ ಸಲ ಎಲ್ಲ ಬಿತ್ತಬಾರದು. ಹದಿನೈದು ದಿನಕ್ಕೊಮ್ಮೆ ಒಂದು ಗೇಣಗಲದ ಪಟ್ಟಿ ಬಿತ್ತುತ್ತಾ ಹೋದರೆ ತಿಂಗಳಿಗೆ ಕೀಳಲು ಬರುವ ಸೊಪ್ಪು ವರ್ಷವಿಡೀ ಸರದಿಯಲ್ಲಿ ಸಿಗುತ್ತದೆ.

ಚಪ್ಪರದವರೆಯ ಬಗ್ಗೆ ಎರಡು ಮಾತು. ಆಷಾಢದಲ್ಲಿ ಹಾಕಿದ ಬಳ್ಳಿ ಚಪ್ಪರ ತುಂಬಿದರೂ ಹೂ ಬಿಡುವುದಿಲ್ಲವೆಂದು ಹೊಸಬರು ಕಿತ್ತೆಸೆಯುವುದುಂಟು. ಅವರೆಯ ಹಳೆಯ ತಳಿಗಳು ಹಗಲು ಕಿರಿದಾದಾಗಲೇ ಹೂವಿಗೆ ಬರುವಂಥವು. ಎಂದು ಬಿತ್ತಿದರೂ ಕಾಯಿ ಚಳಿಗಾಲಕ್ಕೇ. ಸೊಗಡಿನ ಕಾಯಿ ಬೇಕೆಂದರೆ ಕಾಯಬೇಕು. ಕಾಯಲಾರದವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್‌ಎ-3, ಎಚ್‌ಎ-4, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್ ಮುಂತಾದ ಗಿಡ್ಡ ತಳಿಗಳಿವೆ, ಅವಕ್ಕೆ ಹಗಲಿನ ಅಳತೆಯ ಹಂಗಿಲ್ಲ.

ಬೀಜ ಕೊಳ್ಳುವಾಗ ಪೊಟ್ಟಣದ ಮೇಲೆ ಹೈಬ್ರಿಡ್ ಎಂದಿದೆಯೇ ನೋಡಿ. ಹೆಸರಘಟ್ಟದ ಅರ್ಕಾ ರಕ್ಷಕ್ ಟೊಮೆಟೊ ಮೂರು ರೋಗಗಳನ್ನು ತಡೆಯುವ ಒಳ್ಳೆಯ ತಳಿ, ಆದರೆ ಅದು ಹೈಬ್ರಿಡ್. ಅದರ ಹಣ್ಣಿನ ಬೀಜ ಹಾಕಿದರೆ ತಾಯಿಯಂಥ ಗಿಡ ಬರುವುದಿಲ್ಲ. ಹಿತ್ತಲಿಗೆ ನಾನು ಮೆಚ್ಚುವುದು ಬೀಜ ಉಳಿಸಿಕೊಳ್ಳಲು ಬರುವ ತಳಿಗಳನ್ನು. ಅರ್ಕಾ ಅನಾಮಿಕಾ ಬೆಂಡೆ ಅಂಥದ್ದು. ಊರಿನ ಬದನೆ, ಹೀರೆ, ಕುಂಬಳಗಳಂತೂ ಸರಿಯೇ. ಶಿರಸಿಯ ವನಸ್ತ್ರೀ ಬಳಗದ ಮಹಿಳೆಯರು ಮಲೆನಾಡಿನ ಹಿತ್ತಲ ಬೀಜಗಳನ್ನು ಕೈಯಿಂದ ಕೈಗೆ ದಾಟಿಸುತ್ತಾ ಬಂದಿದ್ದಾರೆ. ಸಹಜ ಸಮೃದ್ಧದ ಬೀಜಮೇಳಗಳಲ್ಲೂ ದೇಸಿ ತರಕಾರಿ ಬೀಜ ಸಿಗುತ್ತವೆ. ಬಳ್ಳಿಯ ಮೊದಲ ಫಸಲಿನಲ್ಲಿ ಚೆನ್ನಾಗಿ ರೂಪುಗೊಂಡ ಒಂದೆರಡು ಕಾಯನ್ನು ಬೀಜಕ್ಕೆ ಬಿಟ್ಟು, ಪೂರಾ ಹಣ್ಣಾದ ಮೇಲೆ ಬೀಜ ತೆಗೆದು, ನೆರಳಲ್ಲಿ ಒಣಗಿಸಿ ಬೂದಿಯಲ್ಲಿ ಹೊರಳಿಸಿಡಿ. ಸೋರೆ, ಕುಂಬಳದ ಬೀಜವನ್ನು ಹಸಿ ಸಗಣಿಗೆ ಒತ್ತಿ ಬೆರಣಿ ತಟ್ಟಿ ಗೋಡೆಗೆ ಅಂಟಿಸಿಡುವ ಪದ್ಧತಿ ಇಂದಿಗೂ ಹಳ್ಳಿಗಳಲ್ಲಿದೆ. ಮಳೆ ಬಿದ್ದಾಗ ಬೆರಣಿಯನ್ನೇ ಒಡೆದು ಗುಂಡಿಗೆ ಹಾಕಿದರಾಯಿತು.

ಎಷ್ಟು ಕೋಳಿ, ಯಾವ ಕೋಳಿ

ಹತ್ತು ಹೇಂಟೆ, ಒಂದು ಹುಂಜ. ಹತ್ತು ಗುಂಟೆಯ ಹಿತ್ತಲಿಗೆ ಇದಕ್ಕಿಂತ ಹೆಚ್ಚಾದರೆ ಮೇಯಲು ಸಾಲದು. ಬರೀ ಮೊಟ್ಟೆ ಬೇಕಾದರೆ ಹುಂಜವೂ ಬೇಡ, ಹೇಂಟೆ ಹುಂಜವಿಲ್ಲದೆಯೂ ಮೊಟ್ಟೆ ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೆ. ಆದರೆ ಹದ್ದಿನ ನೆರಳು ಕಂಡ ಕೂಡಲೇ ಕೂಗಿ ಹಿಂಡನ್ನು ಪೊದೆಯಡಿ ಸೇರಿಸುವುದು ಹುಂಜ, ಆ ಕಾರಣಕ್ಕಾದರೂ ಇರಲಿ ಎನ್ನುತ್ತೇನೆ.

ತಳಿಯ ಆಯ್ಕೆಯಲ್ಲಿ ಎರಡು ದಾರಿಗಳಿವೆ. ನಾಟಿ ಹೇಂಟೆ ವರ್ಷಕ್ಕೆ 50-60 ಮೊಟ್ಟೆ, ಚೆನ್ನಾಗಿ ನೋಡಿಕೊಂಡರೆ 80ರ ತನಕ ಇಡುತ್ತದೆ. ಕಡಿಮೆಯೆಂದು ಕಂಡರೂ ಕಾವು ಕೂತು ಮರಿ ಎಬ್ಬಿಸುವುದು, ಮರಿ ಕಾಯುವುದು, ಮೇಯಲು ಕಲಿಸುವುದು ಎಲ್ಲ ಅದರದ್ದೇ ಹೊಣೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ, ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ಇವೆಲ್ಲ ಹಿತ್ತಲಿಗೆಂದೇ ಬೆಳೆಸಿದ ತಳಿಗಳು. ಬಣ್ಣಬಣ್ಣದ ಗರಿ, ನಾಟಿಗಿಂತ ಬೇಗ ಬರುವ ತೂಕ, ನಾಟಿಯ ಎರಡು ಪಟ್ಟು ಅಥವಾ ಅದಕ್ಕೂ ಮೀರಿ ಮೊಟ್ಟೆ. ಆದರೆ ಇವುಗಳಿಗೆ ಕಾವು ಕೂರುವ ಗುಣ ಬಹುಮಟ್ಟಿಗೆ ಇಲ್ಲ. ಇವುಗಳ ಮೊಟ್ಟೆಯಿಂದ ನೀವೇ ಎಬ್ಬಿಸಿದ ಮರಿಗಳು ತಾಯಿಯಷ್ಟೇ ಮೊಟ್ಟೆ ಇಟ್ಟಾವು ಎಂದು ನೆಚ್ಚಲೂ ಆಗದು. ಗಿರಿರಾಜ ಹುಂಜ ಭಾರ ದೇಹದ್ದು, ನಾಯಿ ಬಂದರೆ ಓಡಲಾರದು. ಆರು ನಾಟಿ, ನಾಲ್ಕು ಸ್ವರ್ಣಧಾರ ಎಂಬ ಬೆರಕೆ ಹಿಂಡು ಮನೆಗೆ ಒದಗುತ್ತದೆ: ಮೊಟ್ಟೆ ಸ್ವರ್ಣಧಾರದ್ದು, ಮರಿ ನಾಟಿಯದು.

ಗೂಡು ಕಟ್ಟುವಾಗ ಉದ್ದ ಪೂರ್ವ-ಪಶ್ಚಿಮಕ್ಕಿರಲಿ, ಬಿಸಿಲು ನೇರ ಒಳಗೆ ಹೊಡೆಯುವುದಿಲ್ಲ. ರಾತ್ರಿ ತಂಗಲು ಕೋಳಿಗೆ ತಲಾ ಎರಡು ಚದರಡಿ ಸಾಕು, ಹನ್ನೊಂದು ಕೋಳಿಗೆ ಆರಡಿ ಉದ್ದ, ನಾಲ್ಕಡಿ ಅಗಲ. ನೆಲದಿಂದ ಎರಡಡಿ ಎತ್ತರಿಸಿ ಕಂಬದ ಮೇಲೆ ನಿಲ್ಲಿಸಿದರೆ ಗಾಳಿಯಾಡುತ್ತದೆ, ಹಿಕ್ಕೆ ಗುಡಿಸುವುದು ಸಲೀಸು, ಹೆಗ್ಗಣ ಬಿಲ ತೋಡಿದರೂ ಒಳಗೆ ಬರದು. ಜಾಲರಿಗೆ ದುಡ್ಡು ಉಳಿಸಬೇಡಿ. ಅಂಗಡಿಯಲ್ಲಿ ಸಿಗುವ ಆರು ಮೂಲೆಯ ತೆಳು ಕೋಳಿಬಲೆಯನ್ನು ನಾಯಿ ಹಲ್ಲಿನಿಂದಲೇ ಹರಿಯುತ್ತದೆ. ಅದರ ಕಣ್ಣಿನಲ್ಲಿ ಹಾವು ನುಸುಳುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿ. ಬಾಗಿಲಿಗೆ ಚಿಲಕದ ಜತೆ ಒಂದು ಕೊಕ್ಕೆ. ಕಾಡುಬೆಕ್ಕು ಬರುವುದು ಹೆಚ್ಚಾಗಿ ಕತ್ತಲಾಗುವ ಹೊತ್ತಿಗೆ ಮತ್ತು ನಸುಕಿನಲ್ಲಿ. ದೀಪ ಹಚ್ಚುವುದರೊಳಗೆ ಬಾಗಿಲು ಹಾಕಿದ ಮನೆಯ ಕೋಳಿ ಉಳಿಯುತ್ತದೆ.

ಕೋಳಿ ಸಂಜೆ ತಾನಾಗಿ ಗೂಡಿಗೆ ಬರಬೇಕಾದರೆ ಕಾಳು ಹಾಕುವ ಹೊತ್ತು ಸಂಜೆಯದ್ದಾಗಿರಲಿ. ಬೆಳೆದ ಕೋಳಿ ದಿನಕ್ಕೆ ನೂರರಿಂದ ನೂರಿಪ್ಪತ್ತು ಗ್ರಾಂ ತಿನ್ನುತ್ತದೆ. ಬಯಲಲ್ಲಿ ಮೇಯ್ದದ್ದಕ್ಕೆ ಜತೆಯಾಗಿ 40-50 ಗ್ರಾಂ ಮುಸುಕಿನ ಜೋಳದ ನುಚ್ಚು, ರಾಗಿ, ಅಕ್ಕಿ ನುಚ್ಚು, ತೌಡು ಬೆರೆಸಿ ಹಾಕಿದರೆ ಸಾಕು. ಕಾಳಿನಲ್ಲಿ ಕಸುವಿದೆ, ಮೊಟ್ಟೆಗೆ ಬೇಕಾದ ಪ್ರೋಟೀನು ಕಡಿಮೆ. ಒಂದು ಹಿಡಿ ಕಡಲೆಕಾಯಿ ಹಿಂಡಿಯ ಪುಡಿ, ಇಲ್ಲವೇ ತೊಳೆದ ಅಜೋಲ್ಲ ಬೆರೆಸಿ. ಒಡೆದ ಮೊಟ್ಟೆಚಿಪ್ಪನ್ನು ಹುರಿದು ಪುಡಿ ಮಾಡಿ ಒಂದು ತೆಂಗಿನ ಚಿಪ್ಪಿನಲ್ಲಿ ಬೇರೆಯಾಗಿ ಇಡಿ. ಸುಣ್ಣದ ಅಂಶ ಸಾಲದ ಹೇಂಟೆ ತೊಗಲುಮೊಟ್ಟೆ ಇಡುತ್ತದೆ. ಬೂಷ್ಟು ಹಿಡಿದ ಜೋಳ, ಕಡಲೆಬೀಜವನ್ನು ಮನುಷ್ಯರು ತಿನ್ನದಿದ್ದರೆ ಕೋಳಿಗಾದರೂ ಆಗಲಿ ಎಂದು ಸುರಿಯುವ ಅಭ್ಯಾಸ ಬಹಳ ಕಡೆ ಇದೆ. ಆ ಬೂಷ್ಟಿನ ವಿಷ ಕೋಳಿಯ ಪಿತ್ತಜನಕಾಂಗವನ್ನೇ ಹಾಳು ಮಾಡುತ್ತದೆ. ದಯವಿಟ್ಟು ಹಾಕಬೇಡಿ. ಬಿತ್ತನೆಗೆಂದು ಬಣ್ಣದ ಔಷಧಿ ಸವರಿದ ಬೀಜ ಮಿಕ್ಕರೆ ಅದೂ ಕೋಳಿಗೆ ವಿಷವೇ, ಕೈಗೆ ಸಿಗದಂತೆ ಮಣ್ಣಲ್ಲಿ ಆಳವಾಗಿ ಹೂಳಿ. ಕಾಳನ್ನು ಮುಚ್ಚಳದ ಡಬ್ಬದಲ್ಲಿಡಿ. ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು.

ಕಾವು ಕೂರಿಸುವುದು

ನಾಟಿ ಹೇಂಟೆ ಹನ್ನೆರಡು ಹದಿನೈದು ಮೊಟ್ಟೆ ಇಟ್ಟ ಮೇಲೆ ಗೂಡು ಬಿಟ್ಟೇಳದೆ, ಹತ್ತಿರ ಹೋದರೆ ಗರಿ ಕೆದರಿ ಗುರ್ರೆನ್ನತೊಡಗಿದರೆ ಅದಕ್ಕೆ ಕಾವು ಬಂದಿದೆ. ಬಿದಿರಿನ ಮಂಕರಿಯಲ್ಲಿ ಮೊದಲು ಒಂದು ಪದರ ಬೂದಿ, ಮೇಲೆ ಹೊಟ್ಟು, ಒಣ ಬೇವಿನೆಲೆ, ಅದರ ಮೇಲೆ ಒಣಹುಲ್ಲು ಹಾಸಿ. ಬೂದಿ ಮತ್ತು ಬೇವು ಹೇನಿಗೆ. ಕಾವು ಕೂತ ಹೇಂಟೆಯನ್ನು ಹೇನು ಹತ್ತಿ ತಿಂದರೆ ಅದು ನಡುವೆಯೇ ಎದ್ದುಹೋಗುತ್ತದೆ. ಮೊಟ್ಟೆ ಹತ್ತರಿಂದ ಹನ್ನೆರಡು, ವಾರದೊಳಗಿನವು, ಬಿರುಕಿಲ್ಲದವು, ತೀರ ದುಂಡೂ ತೀರ ಉದ್ದವೂ ಅಲ್ಲದವು. ಸ್ವರ್ಣಧಾರದ ಮೊಟ್ಟೆಯನ್ನೂ ನಾಟಿ ಹೇಂಟೆಯಡಿ ಇಡಬಹುದು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಅಜ್ಜಿಯಂದಿರು ಒಂದು ಕಬ್ಬಿಣದ ಚೂರನ್ನೂ ಇದ್ದಿಲನ್ನೂ ಮೊಟ್ಟೆಯ ನಡುವೆ ಇಡುತ್ತಿದ್ದರು. ಅದರಿಂದ ಕೆಡುಕೇನಿಲ್ಲ, ಇಡುವವರು ಇಡಲಿ.

ಮಂಕರಿಯನ್ನು ಕತ್ತಲ ಮೂಲೆಯಲ್ಲಿಟ್ಟು ಪಕ್ಕದಲ್ಲೇ ಕಾಳು, ನೀರು ಇಡಿ. ಹೇಂಟೆ ದಿನಕ್ಕೊಮ್ಮೆ ಕಾಲು ಗಂಟೆ ಎದ್ದು ತಿಂದು, ಕುಡಿದು, ಹಿಕ್ಕೆ ಹಾಕಿ ಬಂದು ಕೂರುತ್ತದೆ. ಏಳನೇ ದಿನ ರಾತ್ರಿ ಕತ್ತಲ ಕೋಣೆಯಲ್ಲಿ ಮೊಬೈಲಿನ ಟಾರ್ಚಿನ ಮೇಲೆ ಮೊಟ್ಟೆಯ ದಪ್ಪ ತುದಿಯನ್ನಿಟ್ಟು ನೋಡಿ. ಒಳಗೆ ಕಪ್ಪು ಚುಕ್ಕಿ, ಅದರಿಂದ ಜೇಡನ ಕಾಲಿನ ಹಾಗೆ ಹರಡಿದ ಕೆಂಪು ನರಗಳು ಕಂಡರೆ ಜೀವ ಹಿಡಿದಿದೆ. ಬರೀ ತಿಳಿಯಾಗಿ ಹೊಳೆದರೆ ಅದು ಬರಡು, ತೆಗೆದುಬಿಡಿ. 21ನೇ ದಿನಕ್ಕೆ ಮರಿ ಚಿಪ್ಪು ಒಡೆಯುತ್ತದೆ. ಒಡೆಯಲು ತಡವಾಯಿತೆಂದು ಕೈಯಿಂದ ಚಿಪ್ಪು ಬಿಡಿಸಬಾರದು, ಒಳಪೊರೆಯ ರಕ್ತನಾಳ ಹರಿದು ಮರಿ ಸಾಯುತ್ತದೆ.

ಮರಿ ಹೆಚ್ಚು ಸಾಯುವುದು ಮೊದಲ ನಾಲ್ಕು ವಾರದಲ್ಲಿ. ಹದ್ದು, ಕಾಗೆ, ಚಳಿ, ಹಸಿವು ಎಲ್ಲ ಆಗಲೇ. ತಾಯಿ, ಮರಿ ಎರಡನ್ನೂ ಮೊದಲ ಹತ್ತು ದಿನ ಪಂಜರದಡಿ ಮುಚ್ಚಿಡಿ. ಆಮೇಲೂ ಬೆಳಗಿನ ಬಿಸಿಲೇರಿದ ಮೇಲಷ್ಟೇ ಹೊರಗೆ. ನವಣೆ, ರಾಗಿ, ಸಣ್ಣ ನುಚ್ಚು ಕೊಡಿ. ಗೆದ್ದಲಿಗಿಂತ ಒಳ್ಳೆಯ ಮರಿಯೂಟ ಇಲ್ಲ. ಹಳೆ ಮಡಕೆಗೆ ಒಣ ಸಗಣಿ, ಜೋಳದ ದಂಟಿನ ಚೂರು ತುಂಬಿ ಸ್ವಲ್ಪ ನೀರು ಚಿಮುಕಿಸಿ, ಗೆದ್ದಲಿರುವ ಕಡೆ ಬೋರಲು ಹಾಕಿದರೆ ಒಂದೆರಡು ದಿನದಲ್ಲಿ ಮಡಕೆ ತುಂಬ ಗೆದ್ದಲು. ಅದನ್ನು ಮರಿಗಳ ಮುಂದೆ ಕೊಡವಿದಾಗ ಅವು ಮುಗಿಬೀಳುವುದನ್ನು ನೋಡಲು ಮಕ್ಕಳು ಓಡಿ ಬರುತ್ತಾರೆ. ಅಂಗಡಿಯಿಂದ ತಂದ ತಾಯಿಯಿಲ್ಲದ ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಮುಂದೆ ವಾರವಾರಕ್ಕೂ ಮೂರು ಡಿಗ್ರಿಯಂತೆ ಇಳಿಸಬಹುದು. ಅಳೆಯುವ ಉಪಕರಣ ಬೇಡ, ಮರಿಗಳೇ ಹೇಳುತ್ತವೆ: ಬಲ್ಬಿನಡಿ ಒತ್ತೊತ್ತಿ ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ, ಎಲ್ಲ ಕಡೆ ಹರಡಿ ಮೇಯುತ್ತಿದ್ದರೆ ಹದ.

ಲಸಿಕೆ ತಪ್ಪಿಸಬೇಡಿ

ಹಳ್ಳಿಯಲ್ಲಿ ಕೋಳಿ ಸಾಕುವ ಆಸೆ ಮುರಿದುಬೀಳುವುದು ಹೆಚ್ಚಾಗಿ ಕೊಕ್ಕರೆ ರೋಗದಿಂದ. ರಾಣಿಖೇತ್ ಎಂದೂ ಕರೆಯುತ್ತಾರೆ. ನಿನ್ನೆ ಮೇಯುತ್ತಿದ್ದ ಕೋಳಿ ಇಂದು ತೂಕಡಿಸುತ್ತದೆ, ಹಸಿರು ಬೆರೆತ ಬಿಳಿ ಭೇದಿ, ಬಾಯಿ ತೆರೆದು ಉಸಿರು, ಬದುಕುಳಿದವಕ್ಕೆ ಕತ್ತು ತಿರುಚುತ್ತದೆ. ಒಂದು ಮನೆಗೆ ಬಂದರೆ ಕೇರಿ ಪೂರ್ತಿ ಗುಡಿಸಿಕೊಂಡು ಹೋಗುತ್ತದೆ. ಔಷಧಿ ಇಲ್ಲ. ಅರಿಶಿನ, ಬೆಳ್ಳುಳ್ಳಿ ಅರೆದು ಕುಡಿಸುವುದರಿಂದ ಈ ರೋಗ ವಾಸಿಯಾಗುವುದಿಲ್ಲ. ಲಸಿಕೆ ಇದೆ, ಅದು ಅಗ್ಗ, ಅದು ಕೆಲಸ ಮಾಡುತ್ತದೆ.

ಮರಿಗೆ ಐದರಿಂದ ಏಳನೇ ದಿನದೊಳಗೆ ಎಫ್-1 ಅಥವಾ ಲಸೋಟಾ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕು ವಾರಕ್ಕೆ ಲಸೋಟಾ ಮತ್ತೊಮ್ಮೆ. ಎಂಟನೇ ವಾರಕ್ಕೆ ಆರ್2ಬಿ ಚುಚ್ಚುಮದ್ದು. ಸಿಡುಬಿನ ಲಸಿಕೆಯನ್ನು ಆರೇಳು ವಾರದ ಹೊತ್ತಿಗೆ ರೆಕ್ಕೆಯ ಪೊರೆಗೆ ಹಾಕುತ್ತಾರೆ. ಆರ್2ಬಿಗೆ ಒಂದು ವಾರ ಮುಂಚೆ ಜಂತುಹುಳದ ಔಷಧಿ ಕೊಡಿ. ನಿಮ್ಮೂರಿನ ಪಶುಚಿಕಿತ್ಸಾಲಯದ ವೈದ್ಯರು ಅಲ್ಲಿನ ರೋಗದ ಸ್ಥಿತಿ ನೋಡಿ ದಿನ ಹಿಂದುಮುಂದು ಮಾಡಿದರೆ ಅವರ ಮಾತು ಕೇಳಿ.

ಹನಿ ಹಾಕುವುದು ಕಷ್ಟವಲ್ಲ. ಎಡಗೈಯಲ್ಲಿ ಮರಿಯನ್ನು ಮೆಲ್ಲಗೆ ಹಿಡಿದು, ಹೆಬ್ಬೆರಳಿನಿಂದ ಕೆನ್ನೆ ಒರಗಿಸಿ, ಕಣ್ಣಿನ ಮೇಲೆ ನೇರವಾಗಿ ಒಂದು ಹನಿ ಬಿಡಿ. ಮರಿ ಕಣ್ಣು ಮಿಟುಕಿಸಿ ಹನಿ ಒಳಗಿಳಿಯುವ ತನಕ ಕೈ ಬಿಡಬೇಡಿ. ಅವಸರ ಮಾಡಿದರೆ ಹನಿ ಗರಿಯ ಮೇಲೆ ಜಾರುತ್ತದೆ, ಮರಿಗೆ ಲಸಿಕೆ ಆಗಿರುವುದಿಲ್ಲ, ನಮಗೆ ಆಯಿತೆಂಬ ಧೈರ್ಯ ಮಾತ್ರ ಇರುತ್ತದೆ. ಲಸಿಕೆಯ ಸೀಸೆಯನ್ನು ಐಸ್ ತುಂಬಿದ ಥರ್ಮೋಕೋಲ್ ಡಬ್ಬದಲ್ಲೇ ತರಬೇಕು. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಒಂದು ಸೀಸೆಯಲ್ಲಿ ನೂರು, ಇನ್ನೂರು ಕೋಳಿಗಾಗುವಷ್ಟು ಇರುತ್ತದೆ, ನಿಮ್ಮದು ಹನ್ನೊಂದೇ. ಹಾಗಾಗಿ ಕೇರಿಯ ಹತ್ತು ಮನೆಯವರು ಕೂಡಿ, ಕೋಳಿಗಳು ಗೂಡಿನಲ್ಲೇ ಇರುವ ಬೆಳಗಿನ ಹೊತ್ತಿಗೆ ಒಂದೇ ದಿನ ಎಲ್ಲ ಮನೆಗೂ ಹಾಕಿಸುವುದೇ ಸರಿಯಾದ ಕ್ರಮ. ಪಕ್ಕದ ಮನೆಯ ಕೋಳಿಗೆ ಲಸಿಕೆ ಆಗದಿದ್ದರೆ ನಿಮ್ಮ ಹಿಂಡಿಗೂ ಅಪಾಯ ತಪ್ಪಿದ್ದಲ್ಲ. ಸ್ವಸಹಾಯ ಸಂಘಗಳು ಈ ಕೆಲಸವನ್ನು ಕೈಗೆತ್ತಿಕೊಂಡರೆ ಊರಿಗೇ ಉಪಕಾರ.

ಸಂತೆಯಿಂದ ತಂದ ಕೋಳಿಯನ್ನು ನೇರ ಹಿಂಡಿಗೆ ಬಿಡದೆ ಎರಡು ಮೂರು ವಾರ ಬೇರೆಯೇ ಇಡಿ. ಇದ್ದಕ್ಕಿದ್ದಂತೆ ಒಟ್ಟೊಟ್ಟಿಗೆ ಹಲವು ಕೋಳಿ ಸತ್ತರೆ ಅವನ್ನು ಕೊಯ್ಯುವುದಾಗಲಿ, ಮಾರುವುದಾಗಲಿ, ತಿಪ್ಪೆಗೆಸೆಯುವುದಾಗಲಿ ಬೇಡ; ಪಶುವೈದ್ಯರಿಗೆ ತಿಳಿಸಿ, 1962 ಸಹಾಯವಾಣಿಗೆ ಕರೆ ಮಾಡಿ. ಹಕ್ಕಿಜ್ವರ ನಮ್ಮ ರಾಜ್ಯಕ್ಕೆ ಹೊಸದಲ್ಲ, 2012ರಲ್ಲಿ ಹೆಸರಘಟ್ಟದಲ್ಲೇ ಕಾಣಿಸಿಕೊಂಡಿತ್ತು.

ಗೇಟು ತೆಗೆಯುವ ಹೊತ್ತು

ಒಂದು ಮಡಿಯ ಫಸಲು ಮುಗಿದು ಗಿಡ ಕಿತ್ತ ಮೇಲೆ ಎಂಟು ಹತ್ತು ದಿನ ಕೋಳಿಯನ್ನು ಆ ಮಡಿಗೆ ಬಿಡಿ. ಬೇರೆ ಮಡಿಗಳಿಗೆ ಹಳೆ ಬಲೆಯನ್ನು ಅಡ್ಡ ಕಟ್ಟಿ. ಉದುರಿದ ಕಳೆಬೀಜ, ಮಣ್ಣಿನಲ್ಲಡಗಿದ ಕೋಶ, ಗೊಣ್ಣೆಹುಳು ಎಲ್ಲವನ್ನೂ ಕೋಳಿ ಕೆದರಿ ತೆಗೆಯುತ್ತದೆ. ಹೀರೆ, ಹಾಗಲದ ಕಾಯಿ ಕೊಳೆಸುವ ಹಣ್ಣುನೊಣದ ಮರಿಹುಳು ಕಾಯಿಯಿಂದ ಉದುರಿ ಬಳ್ಳಿಯ ಬುಡದ ಮಣ್ಣಿನಲ್ಲೇ ಕೋಶವಾಗುತ್ತದೆ. ಬಳ್ಳಿ ಚಪ್ಪರಕ್ಕೇರಿ ಬುಡ ಗಟ್ಟಿಯಾದ ಮೇಲೆ ಚಪ್ಪರದಡಿ ದಿನಕ್ಕೊಂದು ಗಂಟೆ ಕೋಳಿ ಓಡಾಡಿದರೆ ಆ ಕೋಶಗಳು ಬಹಳಷ್ಟು ಕಡಿಮೆಯಾಗುತ್ತವೆ. ಮಾವು, ಸೀಬೆಯ ಅಡಿಯಲ್ಲೂ ಹೀಗೆಯೇ. ಬೇರು ಕಾಣದಂತೆ ಬಳ್ಳಿಯ ಬುಡಕ್ಕೆ ಸುತ್ತ ನಾಲ್ಕು ಕಲ್ಲು ಜೋಡಿಸಿ. ಕೊಯ್ಯುವ ಹಂತದಲ್ಲಿರುವ ಸೊಪ್ಪು, ನೆಲಕ್ಕೆ ತಾಗಿದ ಟೊಮೆಟೊ, ಮೊಳಕೆಯ ಮಡಿ ಬಲೆಯ ಅಡ್ಡವಿಲ್ಲದೆ ಇರುವಾಗ ಮಾತ್ರ ಗೇಟು ಹಾಕಿರಲಿ. ಯಾವುದೇ ಮಡಿಗೆ ಕೀಟನಾಶಕ ಹೊಡೆದಿದ್ದರೆ ಆ ಬೆಳೆ ಮುಗಿಯುವವರೆಗೂ ಕೋಳಿಗೆ ಅಲ್ಲಿ ಪ್ರವೇಶವಿಲ್ಲ. ಕೋಳಿಯಿರುವ ಹಿತ್ತಲಿಗೆ ವಿಷದ ಸಿಂಪಡಣೆಯೇ ಬೇಡವೆನ್ನುವುದು ನನ್ನ ನಿಲುವು.

ತೆಂಗಿನ ಸೀಮೆಯವರು ತಿಪ್ಪೆಗೆ ಕೋಳಿ ಬಿಡಲೇಬೇಕು. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆ ಇಡುವುದು ತಿಪ್ಪೆಯಲ್ಲಿ. ಗೊಬ್ಬರ ಎಳೆಯುವಾಗ ಗುದ್ದಲಿಗೆ ಸಿಗುವ ಹೆಬ್ಬೆರಳು ಗಾತ್ರದ, ಅರ್ಧಚಂದ್ರದಂತೆ ಮುದುಡಿದ ಬಿಳಿ ಹುಳು ಅದರ ಮರಿಯೇ. ತಿಪ್ಪೆಯನ್ನು ತಿಂಗಳಿಗೊಮ್ಮೆ ಮಗುಚಿ ಹಾಕಿ, ಗುದ್ದಲಿಯ ಸದ್ದಿಗೆ ಕೋಳಿಗಳು ಓಡಿ ಬಂದು ನಿಲ್ಲುತ್ತವೆ. ಒಂದೊಂದು ಹುಳುವಿಗೂ ಎರಡು ಹೇಂಟೆಗಳ ನಡುವೆ ಎಳೆದಾಟ ನಡೆಯುತ್ತದೆ.

ಇನ್ನು ಹಿಕ್ಕೆ. ಒಂದು ಕೋಳಿ ದಿನಕ್ಕೆ ನೂರು ಗ್ರಾಮಿನಷ್ಟು ಹಸಿ ಹಿಕ್ಕೆ ಹಾಕುತ್ತದೆ. ಅದರಲ್ಲಿ ಅರ್ಧ ರಾತ್ರಿ ಗೂಡಿನಲ್ಲಿ ಎಂದುಕೊಂಡರೂ ಹನ್ನೊಂದು ಕೋಳಿಯಿಂದ ವರ್ಷಕ್ಕೆ ಇನ್ನೂರು ಕಿಲೋ ಗೊಬ್ಬರ ನಿಮ್ಮ ಕೈಗೆ ಸಿಗುತ್ತದೆ. ಹಸಿ ಸಗಣಿಗಿಂತ ಇದರಲ್ಲಿ ಸಾರಜನಕ ಎರಡು ಮೂರು ಪಟ್ಟು. ಹಸಿಯಾಗಿಯೇ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ, ಸೊಪ್ಪಿನ ಮಡಿಗೆ ಹಾಕಿದರೆ ಹೊಟ್ಟೆಕೆಡಿಸುವ ರೋಗಾಣುಗಳೂ ಜತೆಗೆ ಬರುತ್ತವೆ. ಗೂಡಿನ ನೆಲಕ್ಕೆ ಮೂರು ನಾಲ್ಕು ಇಂಚು ಭತ್ತದ ಹೊಟ್ಟು, ಕಡಲೆಕಾಯಿ ಸಿಪ್ಪೆ, ಇಲ್ಲವೇ ತೆಂಗಿನ ನಾರಿನ ಹುಡಿ ಹಾಸಿ ವಾರಕ್ಕೊಮ್ಮೆ ಕೆದಕುತ್ತಿರಿ. ಅಮೋನಿಯಾದ ಘಾಟು ಮೂಗಿಗೆ ಬಡಿದರೆ ಹಾಸು ಒದ್ದೆಯಾಗಿದೆಯೆಂದು ಅರ್ಥ, ಒಣಗಿದ್ದು ಸೇರಿಸಿ. ಒದ್ದೆ ಹಾಸಿನಲ್ಲೇ ಮರಿಗಳಿಗೆ ರಕ್ತಭೇದಿ ಅಂಟುವುದು. ತೆಗೆದ ಹಾಸನ್ನು ಅದರ ಎರಡರಷ್ಟು ಒಣ ತರಗೆಲೆ, ಗೊಬ್ಬರಗಿಡದ ಸೊಪ್ಪಿನ ಜತೆ ಪದರ ಪದರವಾಗಿ ಪೇರಿಸಿ, ಹಿಂಡಿದರೆ ಕೈ ತೇವವಾಗುವಷ್ಟು ಮಾತ್ರ ನೀರು ಹಾಕಿ, ಎರಡು ಮೂರು ಸಲ ಮಗುಚಿ. ಮೂರು ತಿಂಗಳಿಗೆ ಕಪ್ಪಾಗಿ, ಮಣ್ಣಿನ ವಾಸನೆ ಬಂದ ಮೇಲಷ್ಟೇ ಮಡಿಗೆ. ಬದನೆ, ಕೋಸು, ಸೊಪ್ಪುಗಳು ಇದನ್ನು ಉಂಡು ಕೊಬ್ಬುತ್ತವೆ. ಅವರೆ, ಅಲಸಂದೆಗೆ ಹಾಕಬೇಡಿ, ಬಳ್ಳಿ ಹಬ್ಬುತ್ತದೆ, ಕಾಯಿ ಕಮ್ಮಿ.

ಮೊದಲ ವರ್ಷದ ಕ್ರಮ

ಎಲ್ಲವನ್ನೂ ಒಟ್ಟಿಗೆ ಆರಂಭಿಸಬೇಡಿ. ಏಪ್ರಿಲ್‌ನಲ್ಲಿ ಜಾಗ ಅಳೆದು, ಮೇ ತಿಂಗಳ ಮಳೆಗೆ ಗೊಬ್ಬರಗಿಡದ ಗೂಟ ನೆಟ್ಟು, ರೋಹಿಣಿಗೆ ಬಳ್ಳಿಬೀಜ ಹಾಕಿ. ಮುಂಗಾರು ಪೂರ್ತಿ ಬರೀ ತೋಟ. ನುಗ್ಗೆ, ಕರಿಬೇವು, ಪಪ್ಪಾಯಿಯಂಥ ಬಹುಕಾಲದ ಗಿಡಗಳೂ ಆಗಲೇ ನೆಲ ಕಚ್ಚಲಿ, ಆದರೆ ಬೇಲಿಯ ಹೊರಗೆ ನೆಟ್ಟ ಎಳೆ ಗಿಡಕ್ಕೆ ಮುಳ್ಳು ಸುತ್ತಿ. ಮಳೆಗಾಲದ ನಡುವೆ ಮರಿ ತಂದರೆ ಒದ್ದೆ, ಚಳಿ, ರಕ್ತಭೇದಿ ಮೂರೂ ಕಾಡುತ್ತವೆ. ಬೇಲಿ ಗಟ್ಟಿಯಾಗಿ, ಗೂಡು ಮುಗಿದು, ಮಳೆ ಇಳಿಮುಖವಾದ ಮೇಲೆ ಮರಿ ತನ್ನಿ. ಆರು ತಿಂಗಳಿಗೆ ಅವು ಮೊಟ್ಟೆಗೆ ಬರುತ್ತವೆ, ಆ ಹೊತ್ತಿಗೆ ಹಗಲೂ ಉದ್ದವಾಗುತ್ತಿರುತ್ತದೆ. ಬೆಳಕು ಹೆಚ್ಚಿದಷ್ಟೂ ಮೊಟ್ಟೆ ಹೆಚ್ಚು.

ನೆರೆಯವರ ಜತೆ ಮುಂಚೆಯೇ ಮಾತಾಡಿಕೊಳ್ಳಿ. ಊರಲ್ಲಿ ಎಷ್ಟೋ ಹಳೆಯ ಮುನಿಸುಗಳ ಬುಡ ಕೆದಕಿದರೆ ಸಿಗುವುದು ಯಾರದೋ ರಾಗಿ ಒಟ್ಲಿಗೆ ನುಗ್ಗಿದ ಯಾರದೋ ಕೋಳಿ. ಅವರ ಒಟ್ಲು, ಒಣಹಾಕಿದ ಕಾಳು ಇರುವ ವಾರ ನಿಮ್ಮ ಕೋಳಿಯನ್ನು ಮಧ್ಯಾಹ್ನದವರೆಗೆ ಗೂಡಲ್ಲೇ ಇರಿಸಿ, ಮೊದಲ ಮೊಟ್ಟೆಗಳಲ್ಲಿ ನಾಲ್ಕು ಅವರ ಮನೆಗೂ ಹೋಗಲಿ. ಅವರು ಗದ್ದೆಗೋ ತೋಟಕ್ಕೋ ಔಷಧಿ ಹೊಡೆಯುವ ದಿನ, ಇಲಿಪಾಷಾಣ ಇಡುವ ದಿನ ಒಂದು ಮಾತು ಹೇಳುವಂತೆ ಕೇಳಿಕೊಳ್ಳಿ. ಆ ಮಾತು ಬಂದ ದಿನ ಗೂಡಿನ ಬಾಗಿಲು ತೆಗೆಯಬೇಡಿ. ಕಾಳು, ನೀರನ್ನು ಒಳಗೇ ಇಟ್ಟು, ಒಂದು ಹಿಡಿ ದಂಟಿನ ಸೊಪ್ಪು ಕಟ್ಟಿ.

ಮೊಟ್ಟೆಯನ್ನು ದಿನಕ್ಕೆರಡು ಸಲ ಆಯ್ದುಕೊಳ್ಳಿ, ಬೇಸಿಗೆಯಲ್ಲಿ ಮೂರು ಸಲ. ಗೂಡಲ್ಲೇ ಬಿಟ್ಟ ಮೊಟ್ಟೆ ಒಡೆದರೆ ಕೋಳಿ ಅದರ ರುಚಿ ಹತ್ತಿಸಿಕೊಳ್ಳುತ್ತದೆ, ಆ ಚಟ ಬಿಡಿಸುವುದು ಬಹಳ ಕಷ್ಟ. ಇಡಲಿರುವ ಮೊಟ್ಟೆಯನ್ನು ತೊಳೆಯಬೇಡಿ, ಚಿಪ್ಪಿನ ಮೇಲಿನ ತೆಳು ಪೊರೆಯೇ ಅದಕ್ಕೆ ಕಾವಲು. ಕೊಳೆಯಿದ್ದರೆ ಒಣಬಟ್ಟೆಯಲ್ಲಿ ಒರೆಸಿ, ಅಡುಗೆಗೆ ಒಡೆಯುವ ಮುನ್ನ ತೊಳೆಯಿರಿ, ಕೈಯನ್ನೂ ಸೋಪಿನಲ್ಲಿ ತೊಳೆದುಕೊಳ್ಳಿ. ಹಳತು ಹೊಸತು ಬೆರೆತು ಅನುಮಾನ ಬಂದರೆ ನೀರಿಗೆ ಬಿಟ್ಟು ನೋಡಿ: ತಳದಲ್ಲಿ ಅಡ್ಡ ಮಲಗಿದ್ದು ತಾಜಾ, ತಳದಲ್ಲೇ ನೆಟ್ಟಗೆ ನಿಂತದ್ದನ್ನು ಅಂದೇ ಬೇಯಿಸಿ, ತೇಲಿದ್ದನ್ನು ತಿಪ್ಪೆಗೆ ಹಾಕಿ ಮೇಲೆ ಮಣ್ಣು ಮುಚ್ಚಿ.